ದಾಳಿಂಬೆ ಕಡ್ಡಿಗೆ ಬೇರು ಬರಿಸಿದ ಲೆಕ್ಕ: ಎರಡು ಸಲ ಕೆಟ್ಟಿದ್ದು, ಮೂರನೇ ಸಲ ಬಂದಿದ್ದು

ಇವತ್ತು ಬೆಳಿಗ್ಗೆ ಸಾಲು ಸಾಲು ಎಣಿಸಿ ಬಂದೆ. 101 ಗಿಡ ಇವೆ. ಎಲ್ಲವೂ ಭಗವಾ ತಳಿಯ ದಾಳಿಂಬೆ, ನಮ್ಮ ಕಡೆ ಕೇಸರ ಅಂತಾರೆ. ಒಂದೂ ಕೊಂಡು ತಂದಿದ್ದಲ್ಲ. ಕಡ್ಡಿ ಕತ್ತರಿಸಿ, ಔಷಧದಲ್ಲಿ ಅದ್ದಿ, ನಾವೇ ಬೇರು ಬರಿಸಿದ ಗಿಡಗಳು. ಇಲ್ಲಿಗೆ ಬರಲು ಹೆಚ್ಚುಕಡಿಮೆ ಒಂದೂಮುಕ್ಕಾಲು ವರ್ಷ ಹಿಡಿಯಿತು. ಏನೇನು ಮಾಡಿದೆ, ಎಲ್ಲಿ ತಪ್ಪಿದೆ, ಎಷ್ಟು ಖರ್ಚಾಯಿತು ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದನ್ನು ಇಲ್ಲಿ ಕ್ರಮವಾಗಿ ಇಡುತ್ತಿದ್ದೇನೆ.

ನಮ್ಮದು ವಿಜಯಪುರ ಜಿಲ್ಲೆ, ಟಿಕೋಟಾ ತಾಲ್ಲೂಕು. ಸುತ್ತ ಎಲ್ಲಾ ದ್ರಾಕ್ಷಿ ತೋಟ. ನಮಗೆ ಮೊದಲು 180 ದಾಳಿಂಬೆ ಗಿಡ ಇದ್ದವು, ಹೊರಗಿನಿಂದ ಸಸಿ ತಂದು ಹಚ್ಚಿದ್ದು. ಎರಡನೇ ವರ್ಷಕ್ಕೆ ದುಂಡಾಣು ಅಂಗಮಾರಿ ಬಿತ್ತು. ಎಲೆ ಮೇಲೆ ಎಣ್ಣೆ ಹನಿ ಬಿದ್ದ ಹಾಗೆ ಚುಕ್ಕೆ, ಆಮೇಲೆ ಕಾಯಿ ಮೇಲೆ ಕಪ್ಪು ಕಲೆ, ಆಮೇಲೆ ಕಾಯಿ ಸೀಳಿತು. ಈ ರೋಗ ಸಸಿಯ ಜೊತೆಗೂ ಬರುತ್ತದೆ. ಗಿಡ ಕಿತ್ತು ಸುಟ್ಟ ದಿನ ಅಪ್ಪ ಊಟ ಮಾಡಲಿಲ್ಲ. ಇನ್ನು ಗಿಡ ಹಚ್ಚುವುದಾದರೆ ತಾಯಿ ಗಿಡವನ್ನು ನನ್ನ ಕಣ್ಣಾರೆ ನೋಡಿಯೇ ಹಚ್ಚುವುದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಗೂಟಿ (ಗಿಡದ ಮೇಲಿರುವ ಕೊಂಬೆಗೇ ಬೇರು ಬರಿಸುವುದು) ಕಟ್ಟಬಹುದಿತ್ತು. ಆದರೆ ಒಂದು ತಾಯಿ ಗಿಡದ ಮೇಲೆ ಎಷ್ಟು ಗೂಟಿ ಕಟ್ಟಲಾಗುತ್ತದೆ? ಅದೂ ಇನ್ನೊಬ್ಬರ ಗಿಡದ ಮೇಲೆ. ಚಾಟ್ನಿ (ಕೊಂಬೆ ಸವರುವುದು) ಮಾಡಿದ ಮೇಲೆ ಬಿಸಾಡುವ ಕಡ್ಡಿಯಾದರೆ ಕೇಳಿದಷ್ಟು ಸಿಗುತ್ತದೆ.

ಮೊದಲ ಸಲ: 18 ಫೆಬ್ರವರಿ 2024

ಕಡ್ಡಿ 100. ದಪ್ಪ ಇದ್ದವು, ತೆಳು ಇದ್ದವು, ಎಳೆಯವೂ ಇದ್ದವು. ಆರಿಸಲಿಲ್ಲ. ಚೀಲಕ್ಕೆ ತೋಟದ ಎರಿ (ಕಪ್ಪು) ಮಣ್ಣನ್ನೇ ತುಂಬಿದೆ.

ಬೇರು ಬರಲು ಏನಾದರೂ ಔಷಧ ಬೇಕಲ್ವಾ ಅಂತ ಪಕ್ಕದ ಹೊಲದ ಕಾಕಾನನ್ನು ಕೇಳಿದೆ. ಅವರದು ದ್ರಾಕ್ಷಿ. ಗೊನೆ ಅದ್ದಿ ಉಳಿದಿದ್ದ ಜಿಎ (ಜಿಬ್ಬರೆಲಿಕ್ ಆಸಿಡ್) ಅವರ ಹತ್ತಿರ ಇತ್ತು. "ದ್ರಾಕ್ಷಿ ಕಾಳ ಉದ್ದ ಆಗತಾವು, ದಪ್ಪ ಆಗತಾವು. ನಿನ್ನ ಕಡ್ಡಿಗೆ ಬೇರ ಬರೂದಿಲ್ಲೇನು? ಒಯ್ದು ನೋಡು ತಮ್ಮಾ" ಅಂದರು. ಪ್ರೀತಿಯಿಂದಲೇ ಕೊಟ್ಟರು. ನಾನೂ ಬೆಳವಣಿಗೆ ಔಷಧ ಅಂದರೆ ಎಲ್ಲಾ ಒಂದೇ ಅಂದುಕೊಂಡಿದ್ದೆ. ಕಡ್ಡಿಯ ಬುಡ ಅದರಲ್ಲಿ ಹತ್ತು ನಿಮಿಷ ಇಟ್ಟು ಹಚ್ಚಿದೆ.

11ನೇ ದಿನಕ್ಕೆ ಚಿಗುರು ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ. "ಎಲಿ ಬಂದಾವಂದ್ರ ಬೇರ ಬಂದಂಗ" ಅಂದರು ಅಪ್ಪ. ಆದರೆ ಚಿಗುರು ನೋಡಲು ಸರಿ ಇರಲಿಲ್ಲ. ಉದ್ದ, ಸಣ್ಣ, ಬಣ್ಣ ಮಾಸಿದ ಹಾಗೆ. 30 ದಿನ ದಾಟುತ್ತಿದ್ದಂತೆ ಮಾರ್ಚ್ ಬಿಸಿಲಿಗೆ ಒಂದೊಂದೇ ಬಾಡಿದವು. ಕಿತ್ತು ನೋಡಿದರೆ ಬುಡ ಕತ್ತರಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಕಡ್ಡಿಯೊಳಗೆ ಕೂಡಿಟ್ಟಿದ್ದ ಶಕ್ತಿಯಲ್ಲಿ ಎಲೆ ಬಿಟ್ಟಿತ್ತು, ಅದು ತೀರಿದ ಮೇಲೆ ಸತ್ತಿತು. 100ರಲ್ಲಿ ಉಳಿದದ್ದು 3.

ಕೀಳುವಾಗ ಇನ್ನೊಂದು ತಪ್ಪೂ ಕಂಡಿತು. 9 ಕಡ್ಡಿ ತಲೆಕೆಳಗಾಗಿ ಹಚ್ಚಿದ್ದೆ. ಎಲೆ ಸವರಿದ ಮೇಲೆ ದಾಳಿಂಬೆ ಕಡ್ಡಿಯ ತಲೆ ಯಾವುದು ಬುಡ ಯಾವುದು ಅಂತ ಬೇಗ ಗೊತ್ತಾಗುವುದಿಲ್ಲ.

ಆಮೇಲೆ ಒಂದು ಕೆಲಸಕ್ಕೆ ಬಾಗಲಕೋಟೆಗೆ ಹೋದಾಗ ಅಲ್ಲಿನ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕೇಳಿದೆ. ಬೇರಿಗೆ ಬೇಕಾದ್ದು ಆಕ್ಸಿನ್ (ಬೇರು ಬರಿಸುವ ಹಾರ್ಮೋನು) ಜಾತಿಯ ಔಷಧ, ಅಂದರೆ ಐಬಿಎ ಅಥವಾ ಎನ್‌ಎಎ. ಜಿಎ ಚಿಗುರನ್ನು ಉದ್ದ ಎಳೆಯುತ್ತದೆ, ಬೇರು ಬರುವುದನ್ನು ತಡೆಯುತ್ತದೆ ಅಂತ ಗೊತ್ತಾಯಿತು. ನಾನು ಹಾಕಿದ್ದು ತದ್ವಿರುದ್ಧದ ಔಷಧ. ದ್ರಾಕ್ಷಿ ಸೀಮೆಯಲ್ಲಿ ಜಿಎ ಪ್ರತಿ ಮನೆಯಲ್ಲೂ ಇರುತ್ತದೆ, ಈ ತಪ್ಪು ಯಾರಿಗಾದರೂ ಆಗಬಹುದು. ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಎರಡನೇ ಸಲ: 15 ಸೆಪ್ಟೆಂಬರ್ 2024

ಕೃಷಿ ಔಷಧದ ಅಂಗಡಿಯಲ್ಲಿ ಬೇರು ಬರಿಸುವುದು ಕೊಡಿ ಅಂದರೆ ಎನ್‌ಎಎ ಬಾಟಲಿ ತೆಗೆದು ಕೊಟ್ಟರು. ಅದು ಹೂ, ಕಾಯಿ ಉದುರದಂತೆ ಸಿಂಪಡಿಸುವ 4.5 ಪ್ರತಿಶತದ ದ್ರಾವಣ. ಜಾತಿ ಸರಿ, ಆದರೆ ನನಗೆ ಐಬಿಎ ಬೇಕಿತ್ತು. ಪುಡಿ ರೂಪದಲ್ಲಿ ಸಿಗುವ ಪೊಟ್ಟಣಗಳೂ ಇವೆ. ಒಳಗೆ ಯಾವ ಔಷಧ, ಎಷ್ಟು ಪ್ರಮಾಣ ಅಂತ ಮೇಲೆ ಬರೆಯದಿದ್ದರೆ ನಾನು ಅದನ್ನು ತರುವುದಿಲ್ಲ. ಕೊನೆಗೆ ಕಾಲೇಜು ಲ್ಯಾಬ್‌ಗಳಿಗೆ ರಾಸಾಯನಿಕ ಕೊಡುವವರ ಕಡೆಯಿಂದ 5 ಗ್ರಾಂ ಐಬಿಎ ತರಿಸಿದೆ, 640 ರೂಪಾಯಿ. ಕಂದು ಬಣ್ಣದ ಪುಟ್ಟ ಬಾಟಲಿ, ಒಳಗೆ ತಳಕ್ಕೆ ಅಂಟಿದಷ್ಟು ಬಿಳಿ ಪುಡಿ. ಇಷ್ಟೇನಾ ಅನಿಸಿತು.

ಮೊದಲು ಒಂದು ಚಿಟಿಕೆ ನೀರಿಗೆ ಹಾಕಿ ನೋಡಿದೆ. ಕರಗಲಿಲ್ಲ. ಮೇಲೆ ತೇಲಿತು, ಗಾಜಿನ ಅಂಚಿಗೆ ಅಂಟಿತು. ಐಬಿಎ ನೀರಲ್ಲಿ ಕರಗುವುದು ಬಹಳ ಕಡಿಮೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ, ಅರ್ಧ ಲೀಟರ್‌ಗೆ 280 ರೂಪಾಯಿ. ಅದರಲ್ಲಿ ಹಾಕಿ ಅಲ್ಲಾಡಿಸಿದರೆ ಕಣ್ಣೆದುರೇ ಕರಗಿತು.

ಇಲ್ಲೇ ದೊಡ್ಡ ತಪ್ಪು ಮಾಡಿದೆ. ದಾಳಿಂಬೆಗೆ 2500 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಔಷಧ ಅನ್ನುವ ಅಳತೆ) ಅಂತ ಬರೆದುಕೊಂಡಿದ್ದೆ. 2500 ಪಿಪಿಎಂ ಅಂದರೆ ಎರಡೂವರೆ ಗ್ರಾಂ ಅಂತ ತಲೆಯಲ್ಲಿ ಕೂತಿತ್ತು. 2.5 ಗ್ರಾಂ ತೂಗಿದೆ, 100 ಎಂಎಲ್ ಆಲ್ಕೋಹಾಲ್‌ನಲ್ಲಿ ಕರಗಿಸಿದೆ. 120 ಕಡ್ಡಿಯನ್ನು ಆ ಬಾಟಲಿಯಲ್ಲೇ ನೇರವಾಗಿ ಅದ್ದಿ ಹಚ್ಚಿದೆ.

ಎರಡು ವಾರಕ್ಕೆ ಕಡ್ಡಿಗಳು ಬುಡದಿಂದ ಕಪ್ಪಾದವು. ಔಷಧ ಮುಟ್ಟಿದ ಒಂದಿಂಚು ಮಾತ್ರ ಗೆರೆ ಎಳೆದ ಹಾಗೆ ಕಪ್ಪು, ಸಿಪ್ಪೆ ಉಗುರಲ್ಲಿ ಎತ್ತಿದರೆ ಹಾಗೇ ಕಳಚಿ ಬಂತು. ಮಗಳು ಪಿಯುಸಿ ಸೈನ್ಸ್ ಓದುತ್ತಾಳೆ. ನೋಟ್‌ಬುಕ್ ನೋಡಿ ಹೇಳಿದಳು: "ಅಪ್ಪಾ, ಎರಡೂವರಿ ಗ್ರಾಂ ಅಂದ್ರ ಒಂದ ಲೀಟರಿಗೆ. ನೀ ಮಾಡಿದ್ದು ನೂರ ಎಂಎಲ್. ಇದು ಇಪ್ಪತ್ತೈದ ಸಾವಿರ ಆತು."

ಹತ್ತು ಪಟ್ಟು ಜಾಸ್ತಿ. ಜೊತೆಗೆ ನೀರು ಬೆರೆಸದ ಆಲ್ಕೋಹಾಲ್, ಅದೂ ಸುಡುತ್ತದೆ. 120ರಲ್ಲಿ 4 ಉಳಿದವು. ಉಳಿದ ದ್ರಾವಣಕ್ಕೆ ಇನ್ನಷ್ಟು ಬೆರೆಸಿ ತೆಳು ಮಾಡೋಣ ಅಂದರೆ, ಕಡ್ಡಿ ನೇರ ಅದ್ದಿದ್ದರಿಂದ ಮಣ್ಣು, ಸಿಪ್ಪೆ, ರಸ ಎಲ್ಲಾ ಸೇರಿ ಕದಡಿತ್ತು. ಚೆಲ್ಲಿದೆ. ಅರ್ಧ ಬಾಟಲಿ ಐಬಿಎ ಹೋಯಿತು.

ಅವತ್ತೇ ಮಗಳು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು: 1 ಲೀಟರ್‌ಗೆ 1 ಗ್ರಾಂ = 1000 ಪಿಪಿಎಂ. 100 ಎಂಎಲ್‌ಗೆ 0.1 ಗ್ರಾಂ = 1000 ಪಿಪಿಎಂ. ಈಗಲೂ ಅಲ್ಲೇ ಇದೆ.

ಮೂರನೇ ಸಲ: ತಯಾರಿ, ಡಿಸೆಂಬರ್ 2024

ಈ ಸಲ ಒಂದೇ ಪ್ರಮಾಣ ನಂಬಿ ಕೂರುವುದು ಬೇಡ, ಐದು ಬಗೆ ಮಾಡಿ ನೋಡೋಣ ಅಂದುಕೊಂಡೆ. ಒಂದೊಂದಕ್ಕೆ 50 ಕಡ್ಡಿ, ಒಟ್ಟು 250. ಮನೆಯಲ್ಲಿ ಹಣ್ಣು ತುಂಬುವ ಪ್ಲಾಸ್ಟಿಕ್ ಕ್ರೇಟ್ ಇದ್ದವು. ಐದು ಕ್ರೇಟ್ ತೊಳೆದು, ತಳಕ್ಕೆ ಹಳೆ ಶೇಡ್‌ನೆಟ್ ತುಂಡು ಹಾಸಿದೆ. ಎರಿ ಮಣ್ಣು ಕೈಬಿಟ್ಟೆ. ಅದು ನೀರು ಹಿಡಿದರೆ ಬಿಡುವುದಿಲ್ಲ, ಒಣಗಿದರೆ ಬಿರಿಯುತ್ತದೆ. ಎರಡು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಉಸುಕು.

ಖರ್ಚು (ಎರಡನೇ ಸಲ ತಂದ ಐಬಿಎ, ಆಲ್ಕೋಹಾಲ್ ಸೇರಿ):

- ಐಬಿಎ 5 ಗ್ರಾಂ: 640
- ಆಲ್ಕೋಹಾಲ್: 280
- 0.01 ಗ್ರಾಂ ತೂಗುವ ಪುಟ್ಟ ತಕ್ಕಡಿ: 480
- 100 ಎಂಎಲ್ ಅಳತೆ ಜಾಡಿ: 120
- ಕೋಕೋಪೀಟ್ 5 ಕೆಜಿ ಇಟ್ಟಿಗೆ, ಎರಡು: 360
- ಪಾಲಿಥೀನ್ ಚೀಲ: 340
- ಕಾರ್ಬೆಂಡಾಜಿಮ್ (ಶಿಲೀಂಧ್ರನಾಶಕ) 100 ಗ್ರಾಂ: 90
- ಬಿದಿರು, ಪ್ಲಾಸ್ಟಿಕ್ ಹಾಳೆ: 550
- ನೀರಿನ ಟಿಡಿಎಸ್ (ಕರಗಿದ ಉಪ್ಪಿನ ಅಂಶ) ಮೀಟರ್: 350

ಒಟ್ಟು 3210 ರೂಪಾಯಿ. ನಮ್ಮ ಕೂಲಿ ಹಿಡಿದಿಲ್ಲ.

ದ್ರಾವಣ ಹೀಗೆ ಮಾಡಿದೆವು. 0.5 ಗ್ರಾಂ ಐಬಿಎ ತೂಗಿ 50 ಎಂಎಲ್ ಆಲ್ಕೋಹಾಲ್‌ನಲ್ಲಿ ಪೂರ್ತಿ ಕರಗಿಸಿ, ಆಮೇಲೆ ನಿಧಾನವಾಗಿ ಶುದ್ಧ ನೀರು ಹಾಕುತ್ತಾ 100 ಎಂಎಲ್‌ಗೆ ತಂದೆವು. ಇದು 5000 ಪಿಪಿಎಂ. ಇದರಲ್ಲಿ 50 ಎಂಎಲ್ ತೆಗೆದು, ಅರ್ಧ ನೀರು ಅರ್ಧ ಆಲ್ಕೋಹಾಲ್ ಇರುವ ಮಿಶ್ರಣ 50 ಎಂಎಲ್ ಸೇರಿಸಿದರೆ 2500. ಆ 2500ರಲ್ಲಿ 40 ಎಂಎಲ್ ತೆಗೆದು ಅದೇ ಮಿಶ್ರಣ 60 ಎಂಎಲ್ ಸೇರಿಸಿದರೆ 1000. ನಾಲ್ಕನೆಯದು ನಿಧಾನದ ಪದ್ಧತಿ: 5000ದ್ದು 20 ಎಂಎಲ್ ತೆಗೆದು 1 ಲೀಟರ್ ನೀರಿಗೆ, ಅಂದರೆ 100 ಪಿಪಿಎಂ, ಅದರಲ್ಲಿ ಕಡ್ಡಿ 24 ಗಂಟೆ. ಐದನೆಯದು ಏನೂ ಹಾಕದ್ದು. ಪ್ರತಿ ಬಾಟಲಿಗೂ ಚೀಟಿ ಅಂಟಿಸಿದೆವು. ಒಲೆಯಿಂದ ದೂರ ಕೂತು ಮಾಡಿದೆವು, ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ. ಕೈಗೆ ಗವಸು ಇತ್ತು.

22 ಡಿಸೆಂಬರ್ 2024, ರವಿವಾರ

ಕಡ್ಡಿ ತಂದದ್ದು ಸಂಬಂಧಿಕರ ತೋಟದಿಂದ. ಐದು ವರ್ಷದ ಗಿಡಗಳು. ಅವರು ಮೃಗ ಬಹಾರ (ಮಳೆಗಾಲದ ಹೂವಿನ ಬೆಳೆ) ಹಿಡಿದವರು, ಹಣ್ಣು ಕಿತ್ತು ಗಿಡಕ್ಕೆ ವಿಶ್ರಾಂತಿ ಕೊಟ್ಟಿದ್ದರು. ಮಳೆಗಾಲದಿಂದ ನಾಲ್ಕು ಸಲ ಹೋಗಿ ಎಲೆ, ಕಾಯಿ, ಕಾಂಡ ನೋಡಿ ಬಂದಿದ್ದೆ. ಚುಕ್ಕೆ ಇಲ್ಲದ, ಒಣಗುವ ಲಕ್ಷಣ ಇಲ್ಲದ 14 ಗಿಡ ಆರಿಸಿದ್ದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿದೆ.

ಕಡ್ಡಿ: ಒಂದು ವರ್ಷದ, ಬಲಿತು ಬೂದು ಬಣ್ಣಕ್ಕೆ ತಿರುಗಿದ, ಪೆನ್ಸಿಲ್ ದಪ್ಪದ್ದು. ಉದ್ದ 8ರಿಂದ 9 ಇಂಚು, ನಾಲ್ಕೈದು ಗೆಣ್ಣು. ಬುಡವನ್ನು ಗೆಣ್ಣಿನ ಕೆಳಗೇ ನೇರ ಕತ್ತರಿಸಿದೆ, ತಲೆಯನ್ನು ಓರೆ. ಇನ್ನು ತಲೆಕೆಳಗಾಗುವ ಮಾತಿಲ್ಲ. ಬುಡದಲ್ಲಿ ಎರಡು ಬದಿ ಮುಕ್ಕಾಲು ಇಂಚು ಸಿಪ್ಪೆಯನ್ನು ಚಾಕುವಿನಿಂದ ತೆಳುವಾಗಿ ಕೆರೆದೆ. ಕಾರ್ಬೆಂಡಾಜಿಮ್ ಲೀಟರ್‌ಗೆ 1 ಗ್ರಾಂ ಕರಗಿಸಿ ಅದರಲ್ಲಿ ಹತ್ತು ನಿಮಿಷ ಇಟ್ಟು, ನೆರಳಲ್ಲಿ ನೀರು ಆರಿಸಿದೆ.

ಅದ್ದುವುದು ಬರೀ 5 ಸೆಕೆಂಡ್. ಚಹಾ ಲೋಟಕ್ಕೆ ಸ್ವಲ್ಪ ದ್ರಾವಣ ಸುರಿದುಕೊಂಡು, ಹತ್ತು ಕಡ್ಡಿಯ ಕಟ್ಟು ಮಾಡಿ ಬುಡದ ಒಂದಿಂಚು ಅದ್ದಿದೆವು. ಮಗಳು ಎಣಿಸಿದಳು. ಲೋಟದಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಹಾಕಲಿಲ್ಲ. ಒಂದೆರಡು ನಿಮಿಷ ಆಲ್ಕೋಹಾಲ್ ಆರಲು ಬಿಟ್ಟು, ಮೊದಲು ಬೇರೆ ಕಡ್ಡಿಯಿಂದ ತೂತು ಮಾಡಿ, ಅದರಲ್ಲಿ ಇಳಿಸಿ ಸುತ್ತ ಒತ್ತಿದೆವು. ನೇರ ಚುಚ್ಚಿದರೆ ಬುಡದ ಔಷಧ ಉಸುಕಿಗೆ ಉಜ್ಜಿ ಹೋಗುತ್ತದೆ. 24 ಗಂಟೆಯ ಕ್ರೇಟ್ ಮಾತ್ರ ಮರುದಿನ ಹಚ್ಚಿದೆವು.

ಕ್ರೇಟ್‌ಗಳನ್ನು ಶೇಡ್‌ನೆಟ್ ಕೆಳಗೆ ಸಾಲಾಗಿ ಇಟ್ಟು, ಬಿದಿರು ಬಗ್ಗಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಗುಡಾರದ ಹಾಗೆ ಕಟ್ಟಿದೆ. ನಮ್ಮ ಕಡೆ ಆ ದಿನಗಳಲ್ಲಿ ರಾತ್ರಿ ಥಂಡಿ ಜೋರು, ಒಳಗೆ ಬೆಚ್ಚಗೆ ಇರಬೇಕು.

8 ಜನವರಿ 2025: ಎಲೆ ಅಂಚು ಸುಟ್ಟಿತು

ಚಿಗುರೆಲೆಯ ತುದಿ, ಅಂಚು ಕಂದು ಬಣ್ಣಕ್ಕೆ ಬಂತು. ಐದೂ ಕ್ರೇಟ್‌ನಲ್ಲಿ ಒಂದೇ ತರಹ, ಹಾಗಾಗಿ ಔಷಧದ ತಪ್ಪಲ್ಲ. ನೀರಿನ ಮೇಲೆ ಅನುಮಾನ ಬಂತು. ಮೀಟರ್ ಹಾಕಿದರೆ ಬೋರ್‌ವೆಲ್ ನೀರು 1900 ಪಿಪಿಎಂ, ಕೃಷಿ ಹೊಂಡದ ಮಳೆ ನೀರು 160. ಬೋರ್ ನೀರು ಸವಳು ಅಂತ ಬಾಯಿಗೆ ಗೊತ್ತಿತ್ತು, ಆದರೆ ದೊಡ್ಡ ಗಿಡ ತಡೆದುಕೊಳ್ಳುತ್ತದಲ್ಲ ಅಂತ ಕಡ್ಡಿಗೂ ಅದನ್ನೇ ಹಾಕಿದ್ದೆ. ಅವತ್ತಿನಿಂದ ಹೊಂಡದ ನೀರನ್ನೇ ಬಟ್ಟೆಯಲ್ಲಿ ಸೋಸಿ ಹಾಕಿದೆ. ಹತ್ತು ದಿನದಲ್ಲಿ ಹೊಸ ಎಲೆ ಚೊಕ್ಕಟವಾಗಿ ಬಂದವು. ಮೀಟರ್‌ಗೆ ಕೊಟ್ಟ 350 ಈ ಇಡೀ ಕೆಲಸದಲ್ಲಿ ಅತಿ ಒಳ್ಳೆಯ ಖರ್ಚು.

14 ಜನವರಿ: ಸಂಕ್ರಾಂತಿ ದಿನದ ನಷ್ಟ

ಬೆಳಿಗ್ಗೆ ಬೇಗ ಎದ್ದು ಎಲ್ಲರೂ ಸಿದ್ಧೇಶ್ವರ ಜಾತ್ರೆಗೆ ವಿಜಯಪುರಕ್ಕೆ ಹೋದೆವು. ದಿನಾ ಹತ್ತು ಗಂಟೆಗೆ ಗುಡಾರದ ಎರಡೂ ಬಾಯಿ ಎತ್ತಿಡುತ್ತಿದ್ದೆ. ಅವತ್ತು ಮರೆತೆ. ಸಂಜೆ ಬಂದು ಕೈ ಹಾಕಿದರೆ ಒಳಗೆ ಒಲೆ ಹತ್ತಿರ ಕೂತ ಹಾಗೆ ಕಾವು. ಪಶ್ಚಿಮದ ತುದಿಯಲ್ಲಿದ್ದ 1000 ಪಿಪಿಎಂ ಕ್ರೇಟ್‌ಗೆ ಜಾಸ್ತಿ ಪೆಟ್ಟು ಬಿತ್ತು, ಅರ್ಧದಷ್ಟು ಚಿಗುರು ಬೆಂದಿತ್ತು. ಹಾಗಾಗಿ ಕೆಳಗಿನ ಲೆಕ್ಕದಲ್ಲಿ 1000ದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಅದು ನನ್ನ ತಪ್ಪಿನಿಂದ ಕಡಿಮೆ ಬಂದಿದೆ.

20 ಫೆಬ್ರವರಿ: ಎಣಿಕೆ

ಈ 60 ದಿನ ಒಂದು ಕಡ್ಡಿಯನ್ನೂ ಎಳೆದು ನೋಡಲಿಲ್ಲ. ಅಪ್ಪನಿಗೂ ಕೈ ಮುಗಿದು ಹೇಳಿದ್ದೆ. ಎಳೆದರೆ ಆಗಷ್ಟೇ ಮೂಡಿದ ಬೇರು ಮುರಿಯುತ್ತದೆ.

ಕ್ರೇಟ್ ಬಗ್ಗಿಸಿ, ನೀರು ಹಾಕಿ ಸಡಿಲ ಮಾಡಿ, ಒಂದೊಂದೇ ಬಿಡಿಸಿದೆವು. 50ರಲ್ಲಿ ಬೇರು ಬಂದವು:

- ಏನೂ ಹಾಕದ್ದು: 13
- 100 ಪಿಪಿಎಂ, 24 ಗಂಟೆ: 29
- 1000 ಪಿಪಿಎಂ: 24
- 2500 ಪಿಪಿಎಂ: 38
- 5000 ಪಿಪಿಎಂ: 31

ಸಂಖ್ಯೆಗಿಂತ ಬೇರು ನೋಡಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಏನೂ ಹಾಕದ ಕಡ್ಡಿಗೆ ಒಂದೇ ಬದಿಗೆ ಮೂರು ನಾಲ್ಕು ಬೇರು. 2500ರದಕ್ಕೆ ಬುಡದ ಸುತ್ತ ಜೋಳದ ಅರಳು ಒಡೆದ ಹಾಗೆ ಬಿಳಿ ಗಂಟು, ಕೆರೆದ ಜಾಗದಿಂದ ಹಸಿ ಶಾವಿಗೆಯಂತೆ ಬೇರು ಸಾಲಾಗಿ ಇಳಿದಿದ್ದವು. ಒಂದರಲ್ಲಿ 17 ಎಣಿಸಿದೆ. 5000ರದರಲ್ಲಿ ಬೇರು ದಪ್ಪ, ಗಿಡ್ಡ, ಕೆಲವು ಬುಡ ಕಪ್ಪಾಗಿ ಅದರ ಮೇಲಿಂದ ಬೇರು ಬಂದಿತ್ತು. ಮೂರು ಕಡ್ಡಿಗಳಲ್ಲಿ ಎಲೆ ಸೊಂಪಾಗಿದ್ದೂ ಬೇರು ಒಂದೂ ಇರಲಿಲ್ಲ. ಅಪ್ಪ ಅವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಬದಿಯಲ್ಲಿ 2500ರಲ್ಲೇ 20 ಅಂಜೂರ, 20 ಪೇರಲ (ಸೀಬೆ) ಕಡ್ಡಿಯನ್ನೂ ಹಚ್ಚಿದ್ದೆ. ಅಂಜೂರ 18 ಬಂದವು. ಏನೂ ಹಾಕದ 20 ಅಂಜೂರದಲ್ಲೂ 17 ಬಂದವು, ಅಂದರೆ ಅದಕ್ಕೆ ಔಷಧವೇ ಬೇಡ. ಪೇರಲ ಒಂದೂ ಬರಲಿಲ್ಲ. ಪೇರಲಕ್ಕೆ ಗೂಟಿ ಅಥವಾ ಕಸಿಯೇ ಸರಿ.

ಮಾರ್ಚ್: ಇನ್ನೊಂದು ಅವಸರ

135 ಕಡ್ಡಿಗಳನ್ನು ಚೀಲಕ್ಕೆ ಹಾಕಿದೆವು: ಕೆಂಪು ಮಣ್ಣು, ಉಸುಕು, ಎರೆಗೊಬ್ಬರ ಸಮ ಪಾಲು. ಗುಡಾರದ ತೇವದಲ್ಲಿ ಇದ್ದವನ್ನು ಸೀದಾ ತೆರೆದ ಶೇಡ್‌ನೆಟ್‌ಗೆ ಇಟ್ಟೆ. ಒಣ ಗಾಳಿಗೆ 22 ಬಾಡಿ ಹೋದವು. ಚೀಲಕ್ಕೆ ಹಾಕಿದ ಮೇಲೂ ಹತ್ತು ದಿನ ಗುಡಾರದಲ್ಲೇ ಇಟ್ಟು, ಬಾಯಿಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ತೆರೆಯಬೇಕಿತ್ತು. ಬೇರು ಬಂದ ಗಿಡವನ್ನು ಕಳೆದುಕೊಂಡದ್ದು ಕಡ್ಡಿ ಸತ್ತಿದ್ದಕ್ಕಿಂತ ಜಾಸ್ತಿ ಬೇಜಾರು ಮಾಡಿತು. ಏಪ್ರಿಲ್, ಮೇ ಬಿಸಿಲಿಗೆ ಇನ್ನೂ 9 ಹೋದವು. ಉಳಿದದ್ದು 104.

4 ಜುಲೈ 2025: ಹಚ್ಚಿದ್ದು

ಮೊದಲಿನ ತೋಟದ ಜಾಗ ಬಿಟ್ಟು ಬೇರೆ ಕಡೆ, 15 ಅಡಿಗೆ 10 ಅಡಿ ಅಂತರದಲ್ಲಿ 104 ಗಿಡ. ಹದಿನಾಲ್ಕು ಗುಂಟೆ ತುಂಬಿತು.

ಗಿಡಕ್ಕೆ ಎಷ್ಟು ಬಿತ್ತು? 3210 ಭಾಗಿಸು 104, ಸುಮಾರು 31 ರೂಪಾಯಿ. ಅಷ್ಟಕ್ಕೆ ಹೊರಗೆ ಗೂಟಿ ಸಸಿಯೂ ಸಿಗುತ್ತಿತ್ತು. ಹಾಗಾಗಿ ಮೊದಲ ವರ್ಷ ದುಡ್ಡು ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಪ್ರತಿ ಗಿಡದ ತಾಯಿ ಯಾವುದು ಅಂತ ನನಗೆ ಗೊತ್ತು. ಚೀಲದ ಮೇಲೆ ನಂಬರ್ ಬರೆದಿದ್ದೆ, ಈಗ ಆ ನಂಬರ್ ಗಿಡದ ಪಕ್ಕದ ಗೂಟದ ಮೇಲಿದೆ. ತಕ್ಕಡಿ, ಜಾಡಿ, ಮೀಟರ್, ಬಿದಿರು ಹಾಗೇ ಇವೆ. ಐಬಿಎ 2 ಗ್ರಾಂ ಉಳಿದಿದೆ, 2500ರ ದ್ರಾವಣ 100 ಎಂಎಲ್‌ನಂತೆ ಎಂಟು ಸಲಕ್ಕೆ ಸಾಕು. ಬೆಳಕು ತಾಗದಂತೆ ಕಪ್ಪು ಕಾಗದ ಸುತ್ತಿ, ಡಬ್ಬಿಯೊಳಗೆ ಹಾಕಿ, ಫ್ರಿಡ್ಜ್‌ನ ಮೇಲಿನ ಖಾನೆಯಲ್ಲಿ "ವಿಷ, ಮುಟ್ಟಬೇಡಿ" ಅಂತ ಬರೆದು ಇಟ್ಟಿದ್ದೇವೆ.

16 ನವೆಂಬರ್ 2025

101 ಗಿಡ. ಎತ್ತರ ಎರಡರಿಂದ ಎರಡೂವರೆ ಅಡಿ. ಸತ್ತ ಮೂರರಲ್ಲಿ ಎರಡಕ್ಕೆ ಬುಡದಲ್ಲಿ ನೀರು ನಿಂತಿತ್ತು, ಒಂದನ್ನು ಮೇಕೆ ಮುರಿದಿತ್ತು. ಎಲೆ ಮೇಲೆ ಎಣ್ಣೆ ಚುಕ್ಕೆ ಇವತ್ತಿನವರೆಗೆ ಒಂದೂ ಕಂಡಿಲ್ಲ. ವಾರಕ್ಕೆ ಎರಡು ಸಲ ಅಪ್ಪ ಎಲೆ ತಿರುವಿ ತಿರುವಿ ನೋಡುತ್ತಾರೆ.

ಬರುವ ಡಿಸೆಂಬರ್‌ಗೆ 2000, 2500, 3000 ಈ ಮೂರನ್ನೇ ನೂರು ನೂರು ಕಡ್ಡಿ ಹಾಕಿ ನೋಡುತ್ತೇನೆ. 1000ದ್ದನ್ನೂ ಇನ್ನೊಮ್ಮೆ ಮಾಡಬೇಕು, ಈ ಸಲ ನಡುವಿನ ಕ್ರೇಟ್‌ನಲ್ಲಿ. ತಾಯಿ ಗಿಡಗಳಿಗೆ ಕೆಂಪು ದಾರ ಕಟ್ಟಿ ಬಂದಾಗಿದೆ. ಪಕ್ಕದ ಕಾಕಾ ಕೂಡ ಐವತ್ತು ಕಡ್ಡಿ ತನ್ನ ಹೆಸರಿಗೆ ಬರೆದುಕೋ ಅಂದಿದ್ದಾರೆ.